ಬೀಗ ಹಾಕಿದ ಪುಸ್ತಕ, ಕಳೆದುಹೋದ ಕೀಲಿಕೈ

ನನ್ನ ಮೇಜಿನ ಮೇಲೆ ಒಂದು ಹಳೆಯ ಕನ್ನಡ ಪುಸ್ತಕವಿದೆ. ಐವತ್ತರ ದಶಕದಲ್ಲಿ ಅಚ್ಚಾದ ಪ್ರವಾಸ ಕಥನ. ಹಾಳೆಗಳು ಹಳದಿಗಟ್ಟಿವೆ, ಅಂಚುಗಳು ಮುಟ್ಟಿದರೆ ಉದುರುತ್ತವೆ. ಒಳಪುಟದ ಕೆಳಗೆ ಸಣ್ಣ ಅಕ್ಷರಗಳಲ್ಲಿ ‘ಎಲ್ಲ ಹಕ್ಕುಗಳನ್ನೂ ಕಾದಿರಿಸಿದೆ’ ಎಂದು ಮುದ್ರಿಸಲಾಗಿದೆ. ಸಣ್ಣ ಪ್ರಕಾಶನವೊಂದನ್ನು ನಡೆಸುವ ಗೆಳೆಯರೊಬ್ಬರು ಕೆಲವು ವರ್ಷಗಳ ಹಿಂದೆ ಈ ಪುಸ್ತಕವನ್ನು ಮರುಮುದ್ರಿಸಲು ಹೊರಟರು. ನಾನೂ ಜೊತೆಗೂಡಿದೆ. ಲೇಖಕರು 1974ರಲ್ಲಿ ತೀರಿಕೊಂಡಿದ್ದರು. ಪ್ರಕಟಿಸಿದ ಸಂಸ್ಥೆ ಅದಕ್ಕೂ ಮೊದಲೇ ಬಾಗಿಲು ಮುಚ್ಚಿತ್ತು. ಮಕ್ಕಳಲ್ಲಿ ಒಬ್ಬರು ಊರು ಬಿಟ್ಟು ದಶಕಗಳಾಗಿದ್ದವು, ಇನ್ನೊಬ್ಬರ ವಿಳಾಸವೇ ಸಿಗಲಿಲ್ಲ. ಬರೆದ ಪತ್ರಗಳು ಹಾಗೆಯೇ ಹಿಂದಿರುಗಿದವು. ಅನುಮತಿ ಕೊಡಲು ಒಪ್ಪದವರು ಯಾರೂ ಇರಲಿಲ್ಲ. ಅನುಮತಿ ಕೇಳಲು ಯಾರೂ ಇರಲಿಲ್ಲ, ಅಷ್ಟೇ. ಒಂದು ವರ್ಷ ಅಲೆದಾಡಿದ ಮೇಲೆ ಗೆಳೆಯರು ಆ ಯೋಜನೆಯನ್ನು ಕೈಬಿಟ್ಟರು.

ಈ ನಿರ್ಧಾರದಿಂದ ಯಾರಿಗೆ ಲಾಭವಾಯಿತು? ಲೇಖಕರಿಗೆ ಆಗಲಿಲ್ಲ, ಅವರು ಬದುಕಿಲ್ಲ. ವಾರಸುದಾರರಿಗೂ ಆಗಲಿಲ್ಲ. ತಮ್ಮ ಬಳಿ ಇಂಥದೊಂದು ಆಸ್ತಿ ಇದೆಯೆಂಬುದೇ ಅವರಿಗೆ ತಿಳಿದಿರಲಿಕ್ಕಿಲ್ಲ. ಪ್ರಕಾಶಕರಿಗೆ ಇಲ್ಲ, ಓದುಗರಿಗಂತೂ ಇಲ್ಲವೇ ಇಲ್ಲ. ಎಲ್ಲರಿಗೂ ನಷ್ಟ, ಯಾರಿಗೂ ಲಾಭವಿಲ್ಲ ಎಂಬಂಥ ಏರ್ಪಾಡನ್ನು ಕಾನೂನು ಏಕೆ ಕಾಪಾಡಬೇಕು? ಈ ಪ್ರಶ್ನೆಯನ್ನು ಅಮೆರಿಕದ ಕಾನೂನು ಪ್ರಾಧ್ಯಾಪಕರೊಬ್ಬರು ಎರಡು ದಶಕಗಳ ಹಿಂದೆಯೇ ತಮ್ಮ ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬೇರೊಂದು ರೂಪದಲ್ಲಿ ಇಟ್ಟಿದ್ದರು. ಅವರು ಸೋತರು. ಆದರೆ ಅವರು ಎತ್ತಿದ ವಿಚಾರ ಸೋತಿಲ್ಲ. ಕನ್ನಡದಂಥ ಭಾಷೆಗೆ ಅದು ಅಮೆರಿಕಕ್ಕಿಂತಲೂ ಹೆಚ್ಚು ಪ್ರಸ್ತುತವಾದದ್ದು ಎಂಬುದು ನನ್ನ ಭಾವನೆ.

ಆ ಪ್ರಾಧ್ಯಾಪಕರ ಹೆಸರು ಲಾರೆನ್ಸ್ ಲೆಸಿಗ್. ಆಗ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಅವರು 2009ರಲ್ಲಿ ಹಾರ್ವರ್ಡ್‌ಗೆ ಮರಳಿದರು. ಸಂವಿಧಾನ ಅವರ ವಿಷಯ. ಕೃತಿಸ್ವಾಮ್ಯವೇ ಬೇಡ ಎನ್ನುವ ಪಂಥಕ್ಕೆ ಅವರು ಸೇರಿದವರಲ್ಲ. ಬೇರೆಯವರ ಸಂಗೀತ, ಸಿನಿಮಾಗಳನ್ನು ಕದ್ದು ಹಂಚುವುದು ತಪ್ಪೆಂದು ಸ್ಪಷ್ಟವಾಗಿಯೇ ಹೇಳಿದ್ದಾರೆ. ಕೃತಿಸ್ವಾಮ್ಯ ಬೇಕು, ಆದರೆ ಅದಕ್ಕೊಂದು ಮಿತಿ ಇರಬೇಕು. ಅಂಕೆಯಿಲ್ಲದೆ ಬೆಳೆದರೆ ಅದು ತಾನು ಪೋಷಿಸಬೇಕಾದ ಸೃಷ್ಟಿಶೀಲತೆಯನ್ನೇ ಕೊಲ್ಲುತ್ತದೆ ಎಂಬುದು ಅವರ ವಾದ. 2004ರಲ್ಲಿ ಹೊರಬಂದ ‘ಫ್ರೀ ಕಲ್ಚರ್’ ಎಂಬ ಅವರ ಪುಸ್ತಕವನ್ನು ಪೆಂಗ್ವಿನ್ ಸಂಸ್ಥೆ ಮಾರಾಟ ಮಾಡಿತು. ಅದೇ ವೇಳೆಗೆ ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳುವಂತೆ ಅದು ಅಂತರ್ಜಾಲದಲ್ಲಿಯೂ ಲಭ್ಯವಾಯಿತು. ಹೇಳಿದ್ದನ್ನು ಮಾಡಿ ತೋರಿಸುವ ಗುಣ ವಿದ್ವಾಂಸರಲ್ಲಿ ಅಪರೂಪ.

ಅಮೆರಿಕದ ಕಾನೂನಿನ ಹಿನ್ನೆಲೆಯನ್ನು ಸ್ವಲ್ಪ ನೋಡಬೇಕು. ಲೇಖಕರಿಗೂ ಸಂಶೋಧಕರಿಗೂ ‘ಸೀಮಿತ ಅವಧಿಗೆ’ ಹಕ್ಕು ನೀಡುವ ಅಧಿಕಾರವನ್ನು ಅಲ್ಲಿನ ಸಂವಿಧಾನ ಸಂಸತ್ತಿಗೆ ಕೊಟ್ಟಿದೆ. 1790ರ ಮೊದಲ ಕಾಯ್ದೆಯಲ್ಲಿ ಆ ಅವಧಿ 14 ವರ್ಷ. ಲೇಖಕ ಬದುಕಿದ್ದು, ಬೇಕೆಂದು ಕೇಳಿದರೆ ಇನ್ನೊಂದು 14 ವರ್ಷ. ಕೇಳದಿದ್ದರೆ ಕೃತಿ ಸಾರ್ವಜನಿಕರ ಸ್ವತ್ತಾಗುತ್ತಿತ್ತು. ಅನಂತರ ಈ ಅವಧಿ ಬೆಳೆಯುತ್ತಲೇ ಹೋಯಿತು. 1976ರ ಕಾಯ್ದೆಯಲ್ಲಿ ಲೇಖಕನ ಜೀವಿತಾವಧಿ ಮತ್ತು ಮರಣಾನಂತರ 50 ವರ್ಷ ಎಂದಾಯಿತು. 1998ರಲ್ಲಿ ಅದು 70 ವರ್ಷಕ್ಕೆ ಏರಿತು. ಕಂಪನಿಗಳಿಗಾಗಿ ರಚಿತವಾದ ಕೃತಿಗಳಿಗೆ 75 ವರ್ಷವಿದ್ದುದು 95 ಆಯಿತು. ಹೊಸದಾಗಿ ಬರೆಯುವವರಿಗೆ ಮಾತ್ರವಲ್ಲ, ಅದಾಗಲೇ ಬರೆದು ಸತ್ತುಹೋದವರಿಗೂ ಈ ವಿಸ್ತರಣೆ ಅನ್ವಯವಾಯಿತು. ಸತ್ತವರಿಗೆ ಪ್ರೋತ್ಸಾಹ ಕೊಟ್ಟರೆ ಅವರು ಎದ್ದು ಬಂದು ಇನ್ನೊಂದು ಕಾದಂಬರಿ ಬರೆಯುವುದಿಲ್ಲ ಎಂಬ ಸರಳ ಸತ್ಯ ಶಾಸನಕರ್ತರಿಗೆ ಹೊಳೆಯಲಿಲ್ಲ. ಅಥವಾ ಹೊಳೆಯುವುದು ಅವರಿಗೆ ಬೇಕಿರಲಿಲ್ಲ. ಡಿಸ್ನಿ ಕಂಪನಿಯ ಮಿಕ್ಕಿ ಮೌಸ್ ಮೊದಲ ಬಾರಿಗೆ ಜನಪ್ರಿಯವಾದ ‘ಸ್ಟೀಮ್‌ಬೋಟ್ ವಿಲ್ಲಿ’ 1928ರದು. ಹಳೆಯ ಕಾನೂನಿನಂತೆ ಅದರ ಹಕ್ಕು 2003ರ ಕೊನೆಗೆ ಮುಗಿಯಬೇಕಿತ್ತು. ಅದಕ್ಕೆ ಐದು ವರ್ಷ ಮುಂಚೆ ಈ ವಿಸ್ತರಣೆ ಬಂದದ್ದನ್ನು ಕಾಕತಾಳೀಯವೆಂದು ನಂಬಿದವರು ಕಡಿಮೆ.

ಇದರ ಪೆಟ್ಟು ಬಿದ್ದವರಲ್ಲಿ ಎರಿಕ್ ಎಲ್ಡ್ರೆಡ್ ಒಬ್ಬರು. ಹಕ್ಕಿನ ಅವಧಿ ಮುಗಿದ ಪುಸ್ತಕಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಓದಲು ಸಿಗುವಂತೆ ಮಾಡುವುದನ್ನು ಅವರು ಹವ್ಯಾಸವಾಗಿಸಿಕೊಂಡಿದ್ದರು. ನಥಾನಿಯಲ್ ಹಾಥಾರ್ನ್‌ನ ಕೃತಿಗಳಿಂದ ಆ ಕೆಲಸ ಶುರುವಾಗಿತ್ತು. 1923ರಲ್ಲಿ ಪ್ರಕಟವಾದ ಕೃತಿಗಳು 1999ರ ಮೊದಲ ದಿನ ಮುಕ್ತವಾಗುತ್ತವೆ, ಅವುಗಳಲ್ಲಿ ರಾಬರ್ಟ್ ಫ್ರಾಸ್ಟ್‌ನ ‘ನ್ಯೂ ಹ್ಯಾಂಪ್‌ಶೈರ್’ ಕವನ ಸಂಗ್ರಹವೂ ಇದೆ ಎಂದು ಅವರು ಕಾದಿದ್ದರು. ಹೊಸ ಕಾಯ್ದೆ ಆ ಬಾಗಿಲನ್ನು ಇನ್ನೂ 20 ವರ್ಷ ಮುಚ್ಚಿತು. ಎಲ್ಡ್ರೆಡ್ ಸರ್ಕಾರದ ವಿರುದ್ಧ ಮೊಕದ್ದಮೆ ಹೂಡಿದರು. ಅವರ ಪರವಾಗಿ ವಾದಿಸಿದವರು ಲೆಸಿಗ್. ಅವಧಿ ಮುಗಿಯುವ ಹೊತ್ತಿಗೆಲ್ಲ ಸಂಸತ್ತು ಅದನ್ನು ವಿಸ್ತರಿಸುತ್ತ ಹೋದರೆ ಸಂವಿಧಾನದ ‘ಸೀಮಿತ ಅವಧಿ’ ಎಂಬ ಮಾತಿಗೆ ಏನರ್ಥ ಎಂದು ಅವರು 2002ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವನ್ನು ಕೇಳಿದರು. ಮಿಲ್ಟನ್ ಫ್ರೀಡ್‌ಮನ್ ಸೇರಿದಂತೆ 17 ಮಂದಿ ಅರ್ಥಶಾಸ್ತ್ರಜ್ಞರು ಅವರ ಬೆಂಬಲಕ್ಕೆ ನಿಂತರು. ಅಷ್ಟು ದೂರದ ಭವಿಷ್ಯದ 20 ವರ್ಷಗಳ ಗಳಿಕೆ ಇಂದು ಬರೆಯುವವನಿಗೆ ಹೆಚ್ಚಿನ ಪ್ರೇರಣೆಯನ್ನೇನೂ ಕೊಡದು ಎಂದು ಅವರು ಲೆಕ್ಕ ಹಾಕಿ ತೋರಿಸಿದರು.

2003ರ ಜನವರಿ 15ರಂದು ತೀರ್ಪು ಬಂತು. ಏಳು ನ್ಯಾಯಮೂರ್ತಿಗಳು ಸರ್ಕಾರದ ಪರ, ಇಬ್ಬರು ವಿರುದ್ಧ. ಎಷ್ಟು ವರ್ಷ ಎಂಬುದು ಸಂಸತ್ತಿನ ವಿವೇಚನೆಗೆ ಬಿಟ್ಟದ್ದು ಎಂದು ಬಹುಮತದ ತೀರ್ಪು ಹೇಳಿತು. ಭಿನ್ನಮತದ ತೀರ್ಪು ಬರೆದವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಸ್ಟೀಫನ್ ಬ್ರೆಯರ್ ಒಂದು ಅಂಕಿಯನ್ನು ಉಲ್ಲೇಖಿಸಿದರು. ಅದನ್ನು ನಾವು ನೆನಪಿಡಬೇಕು. 55ರಿಂದ 75 ವರ್ಷ ಹಳೆಯದಾದ ಕೃತಿಸ್ವಾಮ್ಯಗಳಲ್ಲಿ ವ್ಯಾಪಾರ ಮೌಲ್ಯ ಉಳಿಸಿಕೊಂಡಿರುವುದು ಸುಮಾರು ಶೇ 2ರಷ್ಟು ಮಾತ್ರ. ಅಂದರೆ ಎರಡು ಪುಸ್ತಕಗಳ ಗಳಿಕೆಗಾಗಿ ಉಳಿದ ತೊಂಬತ್ತೆಂಟಕ್ಕೂ ಬೀಗ.

ಲೆಸಿಗ್ ತಮ್ಮ ಸೋಲಿನ ಹೊಣೆಯನ್ನು ಬೇರೆಯವರ ಮೇಲೆ ಹಾಕಲಿಲ್ಲ. ಸಂವಿಧಾನದ ತರ್ಕವನ್ನು ನಂಬಿ ಕುಳಿತೆ, ಈ ಕಾನೂನಿನಿಂದ ಆಗುತ್ತಿರುವ ಹಾನಿ ಎಂಥದೆಂದು ನ್ಯಾಯಮೂರ್ತಿಗಳ ಮನಸ್ಸಿಗೆ ನಾಟಿಸಲಿಲ್ಲ ಎಂದು ‘ಫ್ರೀ ಕಲ್ಚರ್’ನಲ್ಲಿ ಒಪ್ಪಿಕೊಂಡರು. ಅನಂತರ ಅವರು ಬೆಂಬಲಿಸಿದ ಪ್ರಸ್ತಾವ ತೀರಾ ವಿನಯದ್ದು. ಪ್ರಕಟವಾಗಿ 50 ವರ್ಷ ಕಳೆದ ಕೃತಿಯ ಹಕ್ಕು ಮುಂದುವರಿಯಬೇಕಾದರೆ ಅದರ ಒಡೆಯ ಒಂದು ಡಾಲರ್ ಕಟ್ಟಿ ಹೆಸರು ನೋಂದಾಯಿಸಬೇಕು. ಕಟ್ಟಿದರೆ ಹಕ್ಕು ಉಳಿಯುತ್ತದೆ, ಯಾರನ್ನು ಕೇಳಬೇಕೆಂಬುದೂ ಲೋಕಕ್ಕೆ ತಿಳಿಯುತ್ತದೆ. ಒಂದು ಡಾಲರಿನಷ್ಟೂ ಆಸಕ್ತಿ ಇಲ್ಲದಿದ್ದರೆ ಕೃತಿ ಎಲ್ಲರದಾಗುತ್ತದೆ. 2003ರಲ್ಲಿ ಇದೇ ಆಶಯದ ಮಸೂದೆಯೊಂದು ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಮಂಡನೆಯಾಯಿತು. ಚಲನಚಿತ್ರ ಉದ್ಯಮ ವಿರೋಧಿಸಿತು, ಮಸೂದೆ ಬಿದ್ದುಹೋಯಿತು. ಕೋಟಿಗಟ್ಟಲೆ ಗಳಿಸುವವರಿಗೆ ಒಂದು ಡಾಲರ್ ಭಾರವೇ? ಮುಕ್ತವಾದ ಹಳೆಯದು ತಮ್ಮ ಹೊಸದರೊಡನೆ ಪೈಪೋಟಿಗೆ ನಿಂತೀತೆಂಬುದೇ ಅವರ ನಿಜವಾದ ಭಯವಾಗಿತ್ತು ಎಂದು ಲೆಸಿಗ್ ಊಹಿಸಿದರು. ನನಗೂ ಹಾಗೆಯೇ ತೋರುತ್ತದೆ.

ಡಿಜಿಟಲ್ ಯುಗ ಈ ಪ್ರಶ್ನೆಯನ್ನು ಇನ್ನಷ್ಟು ಜಟಿಲಗೊಳಿಸಿದೆ. ಕೊಂಡ ಪುಸ್ತಕವನ್ನು ನಾನು ನೂರು ಸಲ ಓದಬಹುದು, ಪಕ್ಕದ ಮನೆಯವರಿಗೆ ಕೊಡಬಹುದು, ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕದವರಿಗೆ ಮಾರಬಹುದು. ಇವುಗಳಲ್ಲಿ ಯಾವುದೂ ಪ್ರತಿ ಮಾಡುವ ಕ್ರಿಯೆಯಲ್ಲ. ಹಾಗಾಗಿ ಕಾನೂನಿಗೆ ಇಲ್ಲಿ ಕೆಲಸವಿಲ್ಲ. ಕಂಪ್ಯೂಟರಿನಲ್ಲಿ ಹಾಗಲ್ಲ. ತೆರೆದರೆ ಒಂದು ಪ್ರತಿ, ಕಳುಹಿಸಿದರೆ ಇನ್ನೊಂದು ಪ್ರತಿ. ಪ್ರತಿ ಮಾಡುವುದನ್ನು ನಿಯಂತ್ರಿಸಲು ಹುಟ್ಟಿದ ಕಾನೂನು ಹೀಗೆ ಸದ್ದಿಲ್ಲದೆ ಓದುವುದನ್ನೇ ನಿಯಂತ್ರಿಸುವ ಮಟ್ಟಕ್ಕೆ ಬಂದಿತು. ಹಿಂದೆ ಕೃತಿಸ್ವಾಮ್ಯ ಮುದ್ರಣಾಲಯದವರ ತಲೆನೋವಾಗಿತ್ತು. ಈಗ ಅದು ಶಾಲೆಯ ಹುಡುಗಿಯ ತಲೆನೋವೂ ಆಗಿದೆ. ಲೆಸಿಗ್ ಅವರ ಚಿಂತನೆಯಲ್ಲಿ ನನಗೆ ಬಹಳ ಮುಖ್ಯವೆನಿಸುವ ಒಳನೋಟವಿದು.

ಇದರ ಬಿಸಿ ಸ್ವತಃ ಅವರಿಗೂ ತಟ್ಟಿತು. ಒಂದು ಹಾಡಿಗೆ ಬೇರೆ ಬೇರೆ ಊರಿನ ಯುವಜನರು ಕುಣಿದ ದೃಶ್ಯಗಳ ತುಣುಕುಗಳನ್ನು ಅವರು ತಮ್ಮ ಉಪನ್ಯಾಸವೊಂದರಲ್ಲಿ ಉದಾಹರಣೆಯಾಗಿ ತೋರಿಸಿದ್ದರು. 2013ರಲ್ಲಿ ಆ ಉಪನ್ಯಾಸ ಯೂಟ್ಯೂಬಿಗೆ ಏರಿದಾಗ ಹಾಡಿನ ಹಕ್ಕು ಪಡೆದಿದ್ದ ಆಸ್ಟ್ರೇಲಿಯದ ಕಂಪನಿಯೊಂದು ಅದನ್ನು ತೆಗೆಸಿ, ದಾವೆ ಹೂಡುವ ಬೆದರಿಕೆ ಹಾಕಿತು. ಲೆಸಿಗ್ ತಾವೇ ನ್ಯಾಯಾಲಯಕ್ಕೆ ಹೋದರು. 2014ರಲ್ಲಿ ಕಂಪನಿ ಹಣ ಕೊಟ್ಟು ರಾಜಿ ಮಾಡಿಕೊಂಡಿತು. ಕೃತಿಸ್ವಾಮ್ಯ ಕಾನೂನನ್ನೇ ಬೋಧಿಸುವ ಪ್ರಾಧ್ಯಾಪಕರಿಗೆ ಈ ಗತಿಯಾದರೆ ಹಳ್ಳಿಯ ಕಾಲೇಜಿನ ಅಧ್ಯಾಪಕರ ಪಾಡೇನು? ಬೆದರಿಕೆಯ ಪತ್ರ ಬಂದ ದಿನವೇ ಅವರು ಎಲ್ಲವನ್ನೂ ಅಳಿಸಿಹಾಕುತ್ತಾರೆ.

ನ್ಯಾಯಾಲಯದಲ್ಲಿ ಸೋಲುವ ಮುಂಚೆಯೇ ಲೆಸಿಗ್ ಇನ್ನೊಂದು ದಾರಿಯನ್ನೂ ತೆರೆದಿದ್ದರು. 2001ರಲ್ಲಿ ಎಲ್ಡ್ರೆಡ್ ಮತ್ತಿತರರ ಜೊತೆ ಸೇರಿ ಸ್ಥಾಪಿಸಿದ ‘ಕ್ರಿಯೇಟಿವ್ ಕಾಮನ್ಸ್’ ಸಂಸ್ಥೆ 2002ರ ಡಿಸೆಂಬರಿನಲ್ಲಿ ತನ್ನ ಮೊದಲ ಪರವಾನಗಿಗಳನ್ನು ಬಿಡುಗಡೆ ಮಾಡಿತು. ‘ಎಲ್ಲ ಹಕ್ಕುಗಳನ್ನೂ ಕಾದಿರಿಸಿದೆ’ ಎಂಬ ಮಾತಿನ ಜಾಗದಲ್ಲಿ ‘ಕೆಲವು ಹಕ್ಕುಗಳನ್ನು ಮಾತ್ರ ಕಾದಿರಿಸಿದೆ’ ಎಂದು ಬರೆಯಲು ಲೇಖಕನಿಗೆ ಅವಕಾಶ ಸಿಕ್ಕಿತು. ನನ್ನ ಹೆಸರು ಹೇಳಿ ಬಳಸಿಕೊಳ್ಳಿ, ವ್ಯಾಪಾರಕ್ಕೆ ಬೇಡ, ಬದಲಾಯಿಸಿದರೆ ಅದನ್ನೂ ಇದೇ ಷರತ್ತಿನಲ್ಲಿ ಹಂಚಿ, ಹೀಗೆ ತನಗೆ ಬೇಕಾದ ನಿಬಂಧನೆಯನ್ನು ಅವನೇ ಆರಿಸಿಕೊಳ್ಳಬಹುದು. ಇದು ಕೃತಿಸ್ವಾಮ್ಯವನ್ನು ತೊರೆಯುವ ವಿಧಾನವಲ್ಲ. ಕೃತಿಸ್ವಾಮ್ಯದ ಬಲದಿಂದಲೇ ಈ ಷರತ್ತುಗಳಿಗೆ ಕಾನೂನಿನ ಬೆಲೆ ಬರುತ್ತದೆ. ವಿಕಿಪೀಡಿಯ 2009ರಲ್ಲಿ ಈ ಪರವಾನಗಿಗೆ ಬಂದಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ನಮ್ಮ ಮಕ್ಕಳು ಓದುವ ಲೇಖನಗಳು ಇದೇ ಷರತ್ತಿನಡಿ ನಮಗೆ ಸಿಗುತ್ತಿವೆ.

ಈಗ ನಮ್ಮ ದೇಶದ ವಿಷಯಕ್ಕೆ ಬರೋಣ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆ ಲೇಖಕನ ಮರಣಾನಂತರ 50 ವರ್ಷದ ಅವಧಿ ನೀಡಿತ್ತು. ರವೀಂದ್ರನಾಥ ಠಾಕೂರರು ತೀರಿಕೊಂಡದ್ದು 1941ರಲ್ಲಿ. ಅವರ ಕೃತಿಗಳ ಹಕ್ಕು ವಿಶ್ವಭಾರತಿಯದಾಗಿತ್ತು. 1991ರ ಕೊನೆಗೆ ಅದು ಮುಗಿಯಬೇಕಿತ್ತು. ಮುಗಿಯುವ ಹೊತ್ತಿಗೆ ಸರಿಯಾಗಿ ಸುಗ್ರೀವಾಜ್ಞೆ ಬಂತು, 1992ರಲ್ಲಿ ಅದು ಕಾಯ್ದೆಯಾಯಿತು. 50 ಎಂಬುದು 60 ಆಯಿತು. ಅಮೆರಿಕದಲ್ಲಿ ಒಂದು ಇಲಿಗಾಗಿ ನಡೆದದ್ದು ಇಲ್ಲಿ ಒಬ್ಬ ಮಹಾಕವಿಗಾಗಿ ನಡೆಯಿತು. ಉದ್ದೇಶ ಬೇರೆ, ಪರಿಣಾಮ ಒಂದೇ. ಒಬ್ಬ ಠಾಕೂರರಿಗಾಗಿ ದೇಶದ ಎಲ್ಲ ಭಾಷೆಗಳ ಎಲ್ಲ ಲೇಖಕರ ಪುಸ್ತಕಗಳಿಗೂ ಇನ್ನು ಹತ್ತು ವರ್ಷ ಬೀಗ ಬಿತ್ತು. ಕನ್ನಡಿಗರಿಗೆ ಕಾದಂಬರಿಯ ರುಚಿ ಹತ್ತಿಸಿದ ಗಳಗನಾಥರು 1942ರಲ್ಲಿ ನಿಧನರಾದರು. ಅವರ ಪುಸ್ತಕಗಳು 1993ರಲ್ಲಿ ಮುಕ್ತವಾಗಬೇಕಿತ್ತು, ಮುಕ್ತವಾದದ್ದು 2003ರಲ್ಲಿ. ಕೈಗಾಡಿಯಲ್ಲಿ ಪುಸ್ತಕ ಹೇರಿಕೊಂಡು ಊರೂರು ತಿರುಗಿ ಮಾರಿದರೆಂದು ನಾವು ಕೊಂಡಾಡುವ ಆ ಹಿರಿಯರಿಗೆ ಈ ಹತ್ತು ವರ್ಷದಿಂದ ಏನು ದಕ್ಕಿತು?

ದೊಡ್ಡ ಹೆಸರುಗಳ ಮಾತು ಬೇರೆ. ಈಗಿನ ಕಾನೂನಿನಂತೆ ಡಿವಿಜಿ ಅವರ ಕೃತಿಗಳ ಹಕ್ಕು 2035ರ ಕೊನೆಯವರೆಗೆ, ಬೇಂದ್ರೆಯವರದು 2041ರವರೆಗೆ, ಮಾಸ್ತಿಯವರದು 2046ರವರೆಗೆ, ಕುವೆಂಪು ಅವರದು 2054ರವರೆಗೆ, ಕಾರಂತರದು 2057ರವರೆಗೆ ಇರುತ್ತದೆ. ಇವರ ಮುಖ್ಯ ಕೃತಿಗಳು ಅಂಗಡಿಯಲ್ಲಿ ಸಿಗುತ್ತವೆ. ಓದುಗ ಹಣ ಕೊಡುತ್ತಾನೆ, ವಾರಸುದಾರರಿಗೆ ಗೌರವಧನ ಸಲ್ಲುತ್ತದೆ. ಇದಕ್ಕೆ ನನ್ನ ತಕರಾರಿಲ್ಲ. ನನ್ನ ಚಿಂತೆ ಅವರ ಸುತ್ತ ಇದ್ದ ನೂರಾರು ಜನರದು: ಜಿಲ್ಲಾ ಕೇಂದ್ರಗಳಲ್ಲಿ ಮೇಷ್ಟರಾಗಿದ್ದುಕೊಂಡು ಮಕ್ಕಳಿಗೆ ವಿಜ್ಞಾನ ಬರೆದವರು, ಸ್ವಾತಂತ್ರ್ಯ ಹೋರಾಟದ ನೆನಪು ಬರೆದವರು, ಒಂದೇ ಒಂದು ಕಾದಂಬರಿ ಬರೆದು ಸುಮ್ಮನಾದ ಹೆಣ್ಣುಮಕ್ಕಳು. ಒಂದು ಸಾವಿರ ಪ್ರತಿ ಅಚ್ಚಾಗಿ ಮರೆಯಾದ ಪುಸ್ತಕಗಳವು. ಇಂಗ್ಲಿಷಿನಲ್ಲಿ ಒಂದು ಪುಸ್ತಕ ಸತ್ತರೆ ಅದೇ ವಿಷಯದ ಮೇಲೆ ಹತ್ತು ಪುಸ್ತಕಗಳು ಉಳಿದಿರುತ್ತವೆ. ಕನ್ನಡದಲ್ಲಿ ಎಷ್ಟೋ ವಿಷಯಗಳಿಗೆ ಆ ಒಂದೇ ಪುಸ್ತಕ ಇರುತ್ತದೆ. ಆದ್ದರಿಂದಲೇ ದೀರ್ಘಾವಧಿಯ ಬೀಗದ ಬೆಲೆಯನ್ನು ಸಣ್ಣ ಭಾಷೆಗಳು ಹೆಚ್ಚಾಗಿ ತೆರುತ್ತವೆ.

ಇಂಥ ಪುಸ್ತಕಗಳಿಗೆ ಕಾನೂನಿನಲ್ಲಿ ದಾರಿಯೇ ಇಲ್ಲವೆಂದಲ್ಲ. ಹಕ್ಕುದಾರರು ಪತ್ತೆಯಾಗದ ಕೃತಿಗೆ ಕಡ್ಡಾಯ ಪರವಾನಗಿ ಕೋರಲು ಕಾಯ್ದೆಯ 31ಎ ಕಲಂ ಅವಕಾಶ ಕೊಡುತ್ತದೆ. ಆದರೆ ಅದಕ್ಕೆ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಅರ್ಜಿ ಹಾಕಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಐನೂರು ಪ್ರತಿ ಅಚ್ಚು ಹಾಕಿ ಹಾಕಿದ ಬಂಡವಾಳ ಹುಟ್ಟಿದರೆ ಸಾಕೆನ್ನುವ ಪ್ರಕಾಶಕನಿಗೆ ಪುಸ್ತಕದ ಖರ್ಚಿಗಿಂತ ಅನುಮತಿಯ ಖರ್ಚೇ ಹೆಚ್ಚಾಗುತ್ತದೆ. ನನ್ನ ಗೆಳೆಯರು ಕೈಬಿಟ್ಟದ್ದು ಈ ಲೆಕ್ಕ ಹಾಕಿದ ಮೇಲೆಯೇ.

ನಮ್ಮದು ಹಳೆಯದರ ಮೇಲೆ ಹೊಸದನ್ನು ಕಟ್ಟಿದ ಪರಂಪರೆ. ಪಂಪ ವ್ಯಾಸರ ಭಾರತವನ್ನು ತನ್ನ ಕಾಲದ ಅರಸನಿಗೆ ಹೊಂದಿಸಿ ಬರೆದ. ಕುಮಾರವ್ಯಾಸ ಅದನ್ನೇ ಬೇರೆ ಬಗೆಯಲ್ಲಿ ಹಾಡಿದ. ಇಪ್ಪತ್ತನೆಯ ಶತಮಾನದಲ್ಲಿ ಕುವೆಂಪು ರಾಮಾಯಣವನ್ನು ಹೊಸದಾಗಿ ದರ್ಶಿಸಿದರು, ಭೈರಪ್ಪನವರು ‘ಪರ್ವ’ ಬರೆದರು. ಇವರಾರೂ ಅನುಮತಿ ಪತ್ರಕ್ಕಾಗಿ ಕಾಯಲಿಲ್ಲ. ಹಾಗೆಂದು ಹಿಂದಿನದೆಲ್ಲವೂ ಚೆನ್ನಿತ್ತು ಎಂದು ನಾನು ಹೇಳಲಾರೆ. ಪಂಪನಿಗೆ ಅರಿಕೇಸರಿಯ ಆಶ್ರಯವಿತ್ತು. ಇಂದಿನ ಲೇಖಕನಿಗೆ ಅರಸನಿಲ್ಲ, ಓದುಗನೇ ಅರಸ. ಓದುಗ ಕೊಡುವ ಕಾಸು ಲೇಖಕನಿಗೆ ತಲುಪುವ ಏರ್ಪಾಡೇ ಕೃತಿಸ್ವಾಮ್ಯ. ಆದ್ದರಿಂದ ಅದು ಬೇಕು.

ಹೊಸದು ಮತ್ತು ಹಳೆಯದರ ನಡುವಿನ ಗೆರೆ ಎಳೆಯುವುದು ಸುಲಭವಲ್ಲವೆಂಬುದಕ್ಕೆ ಕಾರಂತರ ಯಕ್ಷರಂಗದ ಮೊಕದ್ದಮೆಯೇ ಸಾಕ್ಷಿ. ಯಕ್ಷಗಾನ ಕರಾವಳಿಯ ಜನರ ಸೊತ್ತು. ಕಾರಂತರು ಅದಕ್ಕೆ ಹೊಸ ರೂಪ ಕೊಟ್ಟರು. ಅವರ ನಿಧನಾನಂತರ 2001ರಲ್ಲಿ ದೆಹಲಿಯಲ್ಲಿ ನಡೆದ ಪ್ರದರ್ಶನವೊಂದರ ಬಗ್ಗೆ, ಕಾರಂತರ ಉಯಿಲಿನ ಮೂಲಕ ಹಕ್ಕು ಪಡೆದವರು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಮೇಲೆ ದಾವೆ ಹೂಡಿದರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2009ರ ತೀರ್ಪು ಉಯಿಲಿನಿಂದ ಬಂದ ಹಕ್ಕನ್ನು ಎತ್ತಿಹಿಡಿಯಿತು. ಜೊತೆಗೆ, ಕಾಯ್ದೆಯೇ ವಿನಾಯಿತಿ ಕೊಟ್ಟಿರುವ ಶೈಕ್ಷಣಿಕ ಪ್ರದರ್ಶನಗಳಿಗೂ ಹಣ ಪಡೆಯದ ಹವ್ಯಾಸಿ ಪ್ರದರ್ಶನಗಳಿಗೂ ತಡೆಯಾಜ್ಞೆ ಅನ್ವಯಿಸದು ಎಂದಿತು. ಒಡೆಯನ ಹಕ್ಕೂ ಉಳಿಯಿತು, ಸಮುದಾಯದ ಬಾಗಿಲೂ ತೆರೆದಿತ್ತು. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ಪ್ರಕಾಶಕರು 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿಯೂ ದೆಹಲಿ ಹೈಕೋರ್ಟ್ 2016ರಲ್ಲಿ ಇದೇ ಸಮತೋಲನವನ್ನು ತೋರಿತು. ಸಾಹಿತ್ಯ ಕೃತಿಯ ಸ್ವಾಮ್ಯ ದೈವದತ್ತವಾದ ನಿರಂಕುಶ ಹಕ್ಕಲ್ಲ ಎಂಬುದು ಏಕಸದಸ್ಯ ಪೀಠದ ತೀರ್ಪಿನ ಇಂಗಿತವಾಗಿತ್ತು. ಬೋಧನೆಗೆ ಬೇಕಾದಷ್ಟು ಪುಟಗಳನ್ನು ಪ್ರತಿ ಮಾಡುವುದಕ್ಕೆ ಕಾನೂನಿನಲ್ಲಿ ಅವಕಾಶವಿದೆ ಎಂದು ವಿಭಾಗೀಯ ಪೀಠವೂ ಒಪ್ಪಿತು. ಪ್ರಕಾಶಕರು 2017ರಲ್ಲಿ ದಾವೆಯನ್ನೇ ಹಿಂತೆಗೆದುಕೊಂಡರು.

ನನ್ನ ಲೇಖಕ ಮಿತ್ರರು ಇಲ್ಲಿ ಒಂದು ಆಕ್ಷೇಪವನ್ನು ಎತ್ತುತ್ತಾರೆ. ಕನ್ನಡದ ಲೇಖಕನಿಗೆ ಸಿಗುವ ಗೌರವಧನವೇ ಅತ್ಯಲ್ಪ. ಪುಸ್ತಕ ಬಿಡುಗಡೆಯಾದ ಬೆನ್ನಲ್ಲೇ ಅದರ ಪಿಡಿಎಫ್ ವಾಟ್ಸ್‌ಆ್ಯಪಿನಲ್ಲಿ ಹರಿದಾಡುತ್ತದೆ. ಇಂಥ ಹೊತ್ತಿನಲ್ಲಿ ಸಡಿಲಿಕೆಯ ಮಾತು ಕಳ್ಳರಿಗೆ ಬಾಗಿಲು ತೆರೆದಂತಾಗದೆ? ಆಕ್ಷೇಪ ನ್ಯಾಯವಾದದ್ದು. ಹೊಸ ಪುಸ್ತಕವನ್ನು ಕದಿಯುವವರನ್ನು ನಾನು ಸಮರ್ಥಿಸಲಾರೆ. ಲೆಸಿಗ್ ಕೂಡ ಸಮರ್ಥಿಸಿಲ್ಲ. ಕೃತಿಸ್ವಾಮ್ಯ ಬಡವನ ಕೈಯ ಆಯುಧವೂ ಆಗಬಲ್ಲದು. ನಿರ್ಮಾಪಕರಿಗೆ ಹಾಡು ಮಾರಿದ ಮೇಲೆಯೂ ಗೀತರಚನಕಾರರಿಗೆ ಮತ್ತು ಸಂಗೀತ ನಿರ್ದೇಶಕರಿಗೆ ಗೌರವಧನದಲ್ಲಿ ಪಾಲು ಸಿಗುವಂತೆ ಮಾಡಿದ್ದು 2012ರ ತಿದ್ದುಪಡಿ. ಅದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.

ಇನ್ನೊಂದು ಎಚ್ಚರವೂ ಬೇಕು. ಇಂದು ಕೃತಿಸ್ವಾಮ್ಯ ಸಡಿಲವಾಗಲಿ ಎನ್ನುವವರಲ್ಲಿ ಕೃತಕ ಬುದ್ಧಿಮತ್ತೆಯ ಶ್ರೀಮಂತ ಕಂಪನಿಗಳೂ ಸೇರಿವೆ. 2023ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್, 2024ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟಿನಲ್ಲಿ ಎಎನ್‌ಐ ಸುದ್ದಿಸಂಸ್ಥೆ, ತಮ್ಮ ಬರಹಗಳನ್ನು ಕೇಳದೆ ಬಳಸಿಕೊಂಡಿತೆಂದು ಓಪನ್‌ಎಐ ಕಂಪನಿಯ ಮೇಲೆ ಮೊಕದ್ದಮೆ ಹೂಡಿದವು. ಬದುಕಿರುವ ಲೇಖಕನ ದುಡಿಮೆಯನ್ನು ಬಲಾಢ್ಯರು ಬಳಸಿಕೊಳ್ಳುವ ಈ ಪ್ರಶ್ನೆಯೂ, ಸತ್ತ ಲೇಖಕನ ಮರೆತ ಪುಸ್ತಕದ ಪ್ರಶ್ನೆಯೂ ಒಂದೇ ಅಲ್ಲ. ಮೊದಲನೆಯದರ ಭಯದಿಂದ ಎರಡನೆಯದನ್ನು ಬಲಿಗೊಡಬಾರದು.

ದಾರಿ ಯಾವುದು? ಸಾಹಿತ್ಯ ಮತ್ತು ಕಲಾಕೃತಿಗಳ ಬಗೆಗಿನ ಬರ್ನ್ ಒಪ್ಪಂದಕ್ಕೆ ಭಾರತ ಬದ್ಧವಾಗಿದೆ. ಆ ಒಪ್ಪಂದ ಕೇಳುವುದು ಮರಣಾನಂತರ 50 ವರ್ಷ. 60 ಎಂಬುದು ನಾವಾಗಿಯೇ ಹೇರಿಕೊಂಡದ್ದು. 50ಕ್ಕೆ ಮರಳುವುದು ನೇರವಾದ ಮಾರ್ಗ. ಅದು ಆಗದಿದ್ದರೆ ಕೊನೆಯ ಹತ್ತು ವರ್ಷ ಬೇಕೆನ್ನುವವರು ಮಾತ್ರ ನೋಂದಾಯಿಸಿಕೊಳ್ಳಲಿ. ಶುಲ್ಕ ಹತ್ತು ರೂಪಾಯಿ ಇದ್ದರೂ ಸಾಕು. ಇದು ಕನಸಿನ ಮಾತಲ್ಲ. 2013ರಲ್ಲಿ ಅಮೆರಿಕದ ಕೃತಿಸ್ವಾಮ್ಯ ಕಚೇರಿಯ ಮುಖ್ಯಸ್ಥೆಯಾಗಿದ್ದ ಮರಿಯಾ ಪಲಾಂಟೆ ಅವರೇ ಅಲ್ಲಿನ 70ರಲ್ಲಿ ಕೊನೆಯ 20 ವರ್ಷಕ್ಕೆ ಇಂಥ ನೋಂದಣಿಯ ವಿಚಾರವನ್ನು ಮುಂದಿಟ್ಟಿದ್ದರು. ಸೋತ ಪ್ರಾಧ್ಯಾಪಕರ ಒಂದು ಡಾಲರಿನ ಪ್ರಸ್ತಾವ ಹತ್ತು ವರ್ಷಗಳ ಬಳಿಕ ಸರ್ಕಾರಿ ಕಚೇರಿಯ ಬಾಯಲ್ಲಿಯೇ ಮಾರ್ದನಿಗೊಂಡಿತು.

ದೆಹಲಿ ಕಾನೂನು ಬದಲಾಯಿಸುವವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ವಿಶ್ವವಿದ್ಯಾಲಯಗಳು, ಅಕಾಡೆಮಿಗಳು, ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಾರ್ವಜನಿಕರ ಹಣದಿಂದ ಪ್ರಕಟಿಸಿ, ಪ್ರತಿಗಳು ಮುಗಿದ ಮೇಲೆ ಮತ್ತೆ ಅಚ್ಚು ಹಾಕದ ಪುಸ್ತಕಗಳು ಎಷ್ಟಿಲ್ಲ? ತಾನೂ ತಿನ್ನದು, ತಿನ್ನುವವರಿಗೂ ಬಿಡದು ಎಂಬಂಥ ಸ್ಥಿತಿ ಅವುಗಳದು. ಹಕ್ಕು ತಮ್ಮಲ್ಲೇ ಇರುವ ಕೃತಿಗಳನ್ನು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಲು ಈ ಸಂಸ್ಥೆಗಳಿಗೆ ಒಂದು ಆದೇಶ ಸಾಕು. ಇದಕ್ಕೆ ಮಾದರಿ ನಮ್ಮಲ್ಲೇ ಇದೆ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಹೀಗೆ ಮುಕ್ತಗೊಳಿಸಲು ಮುಂದಾಯಿತು. ಅದೇ ವರ್ಷ ನಿರಂಜನರ ಕೃತಿಗಳನ್ನು ಅವರ ಕುಟುಂಬ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ನಿರಂಜನರು ನಿಧನರಾದದ್ದು 1992ರಲ್ಲಿ. ಕಾನೂನಿನ ಬೀಗ 2052ರ ಕೊನೆಯವರೆಗೆ ಇರುತ್ತಿತ್ತು. ಕೀಲಿಕೈ ತಮ್ಮಲ್ಲಿದ್ದವರು 38 ವರ್ಷ ಮೊದಲೇ ಬಾಗಿಲು ತೆರೆದರು. ಜನರಿಗಾಗಿ ಬರೆದ ಲೇಖಕನಿಗೆ ಇದಕ್ಕಿಂತ ಒಳ್ಳೆಯ ಸ್ಮಾರಕವಿಲ್ಲ.

ಲೇಖಕರೂ ಎರಡು ವಿಷಯ ತಿಳಿದಿರಬೇಕು. ಒಪ್ಪಂದದಲ್ಲಿ ಬೇರೆ ರೀತಿ ಬರೆಯದಿದ್ದರೆ, ಪ್ರಕಾಶಕರಿಗೆ ವಹಿಸಿಕೊಟ್ಟ ಹಕ್ಕನ್ನು ಅವರು ಒಂದು ವರ್ಷದೊಳಗೆ ಬಳಸದಿದ್ದಲ್ಲಿ ಅದು ಲೇಖಕನಿಗೆ ಮರಳುತ್ತದೆ ಎಂದು ಕಾಯ್ದೆಯ 19ನೇ ಕಲಂ ಹೇಳುತ್ತದೆ. ಸಾರ್ವಜನಿಕ ಪ್ರಕಟಣೆ ನೀಡಿ ತನ್ನ ಹಕ್ಕುಗಳನ್ನು ಪೂರ್ತಿಯಾಗಿಯೋ ಭಾಗಶಃವೋ ಬಿಟ್ಟುಕೊಡಲು 21ನೇ ಕಲಂ ಅವಕಾಶ ನೀಡುತ್ತದೆ. ಮನೆ, ಸೈಟು, ಬ್ಯಾಂಕಿನ ಠೇವಣಿ ಯಾರಿಗೆಂದು ಉಯಿಲು ಬರೆಯುವ ಲೇಖಕರು ತಮ್ಮ ಪುಸ್ತಕಗಳ ಬಗ್ಗೆಯೂ ಒಂದು ಸಾಲು ಸೇರಿಸಬಾರದೇಕೆ? ‘ನನ್ನ ಪುಸ್ತಕ ಐದು ವರ್ಷ ಮಾರಾಟಕ್ಕೆ ಸಿಗದಿದ್ದರೆ ಯಾರು ಬೇಕಾದರೂ ಅಚ್ಚು ಹಾಕಲಿ’ ಎಂಬ ಒಂದು ಸಾಲು ಇದ್ದಿದ್ದರೆ ನಮ್ಮ ಪ್ರವಾಸ ಕಥನ ಈ ವೇಳೆಗೆ ನಿಮ್ಮ ಕೈಯಲ್ಲಿರುತ್ತಿತ್ತು.

ಎಲ್ಡ್ರೆಡ್ ಕಾದಿದ್ದ 1923ರ ಕೃತಿಗಳು ಕೊನೆಗೂ 2019ರ ಜನವರಿ 1ರಂದು ಮುಕ್ತವಾದವು. 2024ರ ಜನವರಿ 1ರಂದು ‘ಸ್ಟೀಮ್‌ಬೋಟ್ ವಿಲ್ಲಿ’ಯೂ ಸಾರ್ವಜನಿಕರದಾಯಿತು. ಆಕಾಶ ಕಳಚಿ ಬೀಳಲಿಲ್ಲ, ಡಿಸ್ನಿ ಕಂಪನಿಯೂ ಮುಳುಗಲಿಲ್ಲ. ನನ್ನ ಮೇಜಿನ ಮೇಲಿರುವ ಪುಸ್ತಕಕ್ಕೂ ಅಂಥದೊಂದು ದಿನ ನಿಗದಿಯಾಗಿದೆ. ಅದು 2035ರ ಜನವರಿ 1. ಅಷ್ಟರವರೆಗೆ ಕಾನೂನು ಆ ಪುಸ್ತಕವನ್ನು ಕಳ್ಳರಿಂದ ಭದ್ರವಾಗಿ ಕಾಯುತ್ತದೆ. ಗೆದ್ದಲಿನಿಂದ ಕಾಯುವ ಕೆಲಸ ಮಾತ್ರ ಅದರದ್ದಲ್ಲ. ಮೊನ್ನೆ ತೆರೆದು ನೋಡಿದೆ, ಇನ್ನೂ ನಾಲ್ಕು ಪುಟಗಳ ಅಂಚು ಉದುರಿತ್ತು.